ಹಿಡಿ ಜೋಳದ ರೊಟ್ಟಿ

ರೊಟ್ಟಿ ನೋಡಿದರೆ ಸಾಕು, ಅದು ಯಾರ ಕೈಯದೆಂದು ನಾನು ಹೇಳಬಲ್ಲೆ. ಇದು ಜಂಬದ ಮಾತಲ್ಲ. ಸರಿ, ಸ್ವಲ್ಪ ಜಂಬವೂ ಇದೆ. ಬೈಲಹೊಂಗಲದಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸರಲ್ಲಿ ಒಬ್ಬಳದು ನಡುವೆ ದಪ್ಪ, ಇನ್ನೊಬ್ಬಳದು ಅಂಚಿನಲ್ಲಿ ದಪ್ಪ. ಮತ್ತೊಬ್ಬಳು ಹಂಚಿನ ಮೇಲೆ ನೀರಿನ ಬಟ್ಟೆಯನ್ನು ಎಳೆದೆಳೆದು ಸವರುತ್ತಾಳೆ, ಅವಳ ರೊಟ್ಟಿಯ ಮೈಯೆಲ್ಲ ಗೀರು. ನನ್ನದನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ಚಿಕ್ಕವಳಿದ್ದಾಗ ನನ್ನ ಎಡಗೈಯ ಕಿರುಬೆರಳು ಬಾಗಿಲ ಸಂದಿಗೆ ಸಿಕ್ಕು ಮುರಿದಿತ್ತು, ಆಮೇಲೆ ಸೊಟ್ಟಗೆ ಕೂಡಿಕೊಂಡಿತು. ಬಲಗೈ ಬಡಿಯುತ್ತಿರುವಾಗ ಎಡಗೈ ಅಂಚನ್ನು ಹಿಡಿದು ರೊಟ್ಟಿ ತಿರುಗಿಸುತ್ತ ಹೋಗುತ್ತದಲ್ಲ, ಆಗ ಆ ಬೆರಳು ಅಂಚಿನಲ್ಲಿ ಒಂದು ಸಣ್ಣ ತಗ್ಗು ಬಿಡುತ್ತದೆ. ಕಡಲೆಕಾಳು ಒತ್ತಿದಷ್ಟು, ಅಷ್ಟೇ. ಎಷ್ಟು ಜಾಗ್ರತೆ ಮಾಡಿದರೂ ಬಿಡುತ್ತದೆ. ನಾನು ದಿನಾ ರೊಟ್ಟಿ ಕೊಡುವ ಖಾನಾವಳಿಯ ಮಾಲೀಕರು ಅದನ್ನು ನೋಡಿ, "ಅಕ್ಕಾರ, ನಿಮ್ಮ ಶಿಕ್ಕಾ ಬಿದ್ದೈತಿ ನೋಡ್ರಿ," ಎಂದು ನಗುತ್ತಿದ್ದರು. ಮುದ್ರೆ ಒತ್ತಿದ ಹಾಗೆ ಅಂತ.

ಆ ಖಾನಾವಳಿಯ ಕಟ್ಟೆಯ ಮೇಲೆಯೇ ನಾನು ಅವಳ ರೊಟ್ಟಿಯನ್ನು ಮೊದಲ ಸಲ ನೋಡಿದ್ದು. ಒಂದು ಬೆಳಿಗ್ಗೆ ನನ್ನ ಬುಟ್ಟಿ ಇಳಿಸುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬುಟ್ಟಿ ಇತ್ತು. ಬಟ್ಟೆ ಎತ್ತಿ ನೋಡಿದೆ. ನಡುವಿನಿಂದ ಅಂಚಿನವರೆಗೆ ಒಂದೇ ತೆಳುವು, ಎಲ್ಲಿಯೂ ಕರಕಿಲ್ಲ, ಗೀರಿಲ್ಲ. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದೆ, ಒಣಗಿದ ಎಲೆಯ ಸದ್ದು ಬಂತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆಗಲೇ, ಅಲ್ಲೇ ನಿಂತಲ್ಲಿ ಬಿತ್ತು.

"ಇದ ಯಾರದ್ರೀ ಅಣ್ಣಾರ?"

"ರಾಮದುರ್ಗದಿಂದ ಹೊಸದಾಗಿ ಬಂದಾರ್ರಿ. ನಿಮ್ಮ ಚರ್ಚಿನವ್ರ ಅಂತಲ್ರಿ, ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಎರಡನೆಯ ಸಾಲಿನಲ್ಲಿ ಕೂರುವ ಹೆಂಗಸು. ಗಂಡ ರಾಮದುರ್ಗದಲ್ಲಿ ಕೈಮಗ್ಗ ನಡೆಸುತ್ತಿದ್ದ. ಮಗ್ಗ ನಿಂತ ಮೇಲೆ ಸಂಸಾರ ಸಮೇತ ನಮ್ಮ ಊರಿಗೆ ಬಂದು ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ಸೇರಿದ್ದ. ಬಂದ ಭಾನುವಾರವೇ ನಾನು ಅವಳ ಕೈ ಹಿಡಿದು ವಂದನೆ ಹೇಳಿದ್ದೆ. ಆದರೆ ಆ ಕೈ ರೊಟ್ಟಿ ಬಡಿಯುವ ಕೈ ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ.

"ನಿಮ್ಮದೂ ಇರ್ಲಿ, ಆಕಿದೂ ಇರ್ಲಿ. ಇನ್ನ ಮುಂದ ಅರ್ಧಾ ಅರ್ಧಾ ತಗೋತೇನ್ರಿ," ಎಂದು ಮಾಲೀಕರು ಮೇಜು ಒರೆಸುತ್ತ ಹೇಳಿದರು. ಅವರಿಗೆ ಅದು ಮೇಜು ಒರೆಸುವಾಗ ಹೇಳಿ ಮುಗಿಸುವಂಥ ಮಾತು. ನಾನು ಅರ್ಧ ಬುಟ್ಟಿ ರೊಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದೆ.

ಅಂದಿನಿಂದ ನನ್ನ ಪ್ರಾರ್ಥನೆ ಕೆಟ್ಟಿತು. ಭಾನುವಾರ ಎಲ್ಲರ ಜೊತೆ ಕಣ್ಣು ಮುಚ್ಚಿ ನಿಂತರೆ, ದಿನದ ಊಟಕ್ಕಾಗಿ ಬೇಡುವ ಸಾಲು ಬಂದಾಗ ನನ್ನ ಕಣ್ಣು ತಾನಾಗಿ ತೆರೆಯುತ್ತಿತ್ತು. ಎದುರಿಗೆ ಅವಳ ಜಡೆ. ಎಲ್ಲರಿಗೂ ಕೊಡು ಎಂದು ನನ್ನ ಬಾಯಿ ಹೇಳುತ್ತಿತ್ತು. ಇವಳಿಗೆ ಬೇರೆ ಯಾವುದಾದರೂ ಊರಿನಲ್ಲಿ ಕೊಡು ಎಂದು ಮನಸ್ಸು ಹೇಳುತ್ತಿತ್ತು.

ನಮ್ಮ ಸಭೆಯಲ್ಲಿ ಹಿಡಿ ಜೋಳದ ರೂಢಿ ಇದೆ. ಪ್ರತಿ ಮನೆಯ ಹೆಂಗಸು ದಿನಕ್ಕೊಂದು ಹಿಡಿ ಜೋಳವನ್ನು ಬೇರೆ ತೆಗೆದಿಡುತ್ತಾಳೆ, ಭಾನುವಾರ ತಂದು ಚರ್ಚಿನ ಹಿಂಬಾಗಿಲಿನ ಹತ್ತಿರ ಇರುವ ಪೀಪಾಯಿಗೆ ಸುರಿಯುತ್ತಾಳೆ. ಕಷ್ಟದಲ್ಲಿ ಇರುವವರು ಶನಿವಾರ ಬಂದು ತಮಗೆ ಬೇಕಾದಷ್ಟು ತೆಗೆದುಕೊಂಡು ಹೋಗಬಹುದು. ಕೇಳಬೇಕಾಗಿಲ್ಲ, ಯಾರೂ ಯಾಕೆ ಅನ್ನುವುದಿಲ್ಲ. ನಾನು ಯಾವಾಗಲೂ ಸ್ವಲ್ಪ ಎತ್ತರದಿಂದ ಸುರಿಯುತ್ತಿದ್ದೆ. ಕಾಳು ಬೀಳುವ ಸದ್ದು ನಾಲ್ಕು ಜನಕ್ಕೆ ಕೇಳಲಿ ಅಂತ.

ಅದೇ ವರ್ಷ ಸುಗ್ಗಿ ಮುಗಿದಾಗ ನಾನು ಜೋಳದ ಅಂಗಡಿಗೆ ಹೋದೆ. ರೊಟ್ಟಿಯವರಿಗೆ ಸವದತ್ತಿ ಕಡೆಯ ಎರೆಭೂಮಿಯ ಬಿಳಿಜೋಳ ಎಂದರೆ ಪ್ರಾಣ. ಅದರ ಹಿಟ್ಟಿಗೆ ಜಿಗಿ ಜಾಸ್ತಿ. ಜಿಗಿ ಎಂದರೆ ಅಂಟು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆ ಇರುವುದಿಲ್ಲ, ಕುದಿಯುವ ನೀರು ಬಿದ್ದಾಗ ಹುಟ್ಟುವ ಆ ಜಿಗಿಯೇ ಅದನ್ನು ಹಿಡಿದಿಡಬೇಕು. ಜಿಗಿ ಇಲ್ಲದಿದ್ದರೆ ರೊಟ್ಟಿ ಕಲ್ಲಿನ ಮೇಲೆ ಬಿರಿಯುತ್ತದೆ, ಎತ್ತಲು ಹೋದರೆ ಹರಿಯುತ್ತದೆ. ಅಂಗಡಿಯವರು ಚೀಲಕ್ಕೆ ಕೈಹಾಕಿ ಕಾಳು ತೋರಿಸುತ್ತ, "ಇನ್ನೊಬ್ಬಾಕಿನೂ ಇದನ್ನ ಕೇಳಿ ಹೋಗ್ಯಾಳ್ರಿ, ಆ ರಾಮದುರ್ಗದಾಕಿ," ಎಂದರು.

"ಎಷ್ಟ ಐತ್ರಿ ಒಟ್ಟ?"

"ಈ ಗ್ವಾಡಿಗೆ ಹಚ್ಚಿದ್ದ ಅಷ್ಟ."

"ಎಲ್ಲಾ ನಮ್ಮ ಮನಿಗೆ ಹಾಕ್ರಿ," ಎಂದೆ.

ನನ್ನ ಗಂಡ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಾರೆ. ಚೀಲಗಳನ್ನು ಅವರೇ ತಂದು ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಒಟ್ಟಿದರು. ಕೊನೆಯ ಚೀಲ ಇಳಿಸಿ ಬೆವರು ಒರೆಸಿಕೊಂಡು, "ಏನ, ಮನ್ಯಾಗ ಮದವಿ ಐತೇನ?" ಎಂದು ಕೇಳಿದರು. ಮುಂದಿನ ವರ್ಷ ಜೋಳ ಸಿಗುತ್ತದೋ ಇಲ್ಲವೋ, ದೇವರು ಬುದ್ಧಿ ಕೊಟ್ಟಿದ್ದಾನಲ್ಲ, ಕೂಡಿಟ್ಟುಕೊಳ್ಳಬೇಕು ಎಂದೆ. ದೇವರ ಹೆಸರು ಬಂದ ಮೇಲೆ ಅವರು ಟಂಟಂ ಹತ್ತಿದರು. ಕೈಯಲ್ಲಿದ್ದದ್ದೆಲ್ಲ ಆ ಚೀಲಗಳಲ್ಲಿ ಹೋಗಿ ಕೂತಿತ್ತು.

ಜೋಳ ಕೂಡಿಡುವವರು ಮೊದಲು ಅದಕ್ಕೆ ಚೆನ್ನಾಗಿ ಬಿಸಿಲು ಕಾಣಿಸುತ್ತಾರೆ. ಮಾಳಿಗೆಯ ಮೇಲೆ ತೆಳ್ಳಗೆ ಹರವಿ, ಕಾಲಿನಿಂದ ಸಾಲು ಎಳೆದು, ಕಾಳು ಹಲ್ಲಿಗೆ ಕಟಕ್ಕೆನ್ನುವ ತನಕ ಒಣಗಿಸಿ, ಬೇವಿನೆಲೆ ಬೆರೆಸಿ ಚೀಲ ಕಟ್ಟುತ್ತಾರೆ. ಇದು ಪರಕಾರ ಹಾಕುವ ಸಣ್ಣ ಹುಡುಗಿಯರಿಗೂ ಗೊತ್ತು. ಆದರೆ ನಮ್ಮ ಮಾಳಿಗೆ ಅವಳ ಮನೆಯ ಬಾಗಿಲಿಗೆ ಕಾಣುತ್ತದೆ. ಅಷ್ಟು ಜೋಳ ಹರವಿದರೆ ಅವಳು ನೋಡುತ್ತಾಳೆ, ಓಣಿ ನೋಡುತ್ತದೆ, ಭಾನುವಾರದ ಹೊತ್ತಿಗೆ ಚರ್ಚಿನಲ್ಲಿ ಮಾತಾಗುತ್ತದೆ. ಹಾಗಾಗಿ ಒಂದು ಬಿಸಿಲನ್ನೂ ತೋರಿಸದೆ ಹಾಗೆಯೇ ಇಟ್ಟೆ. ಬೇವಿನೆಲೆಯನ್ನು ಮೇಲಿನ ಚೀಲಗಳಿಗೆ ಮಾತ್ರ ಹಾಕಿದೆ. ಗೋಡೆಗೆ ಒತ್ತಿದ ಚೀಲಗಳವರೆಗೆ ನನ್ನ ಕೈ ಹೋಗಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಗಿರಣಿಯಲ್ಲಿ ಅವಳು ನನ್ನ ಮುಂದೆ ಪಾಳಿಯಲ್ಲಿ ನಿಂತಿದ್ದಳು. ಅವಳ ಸಣ್ಣ ಚೀಲವನ್ನು ಗಿರಣಿಯವನು ಮೇಲೆ ಸುರಿದಾಗ ಇಣುಕಿ ನೋಡಿದೆ. ಬಿಳಿ ಇತ್ತು, ಹಳದಿ ಇತ್ತು, ನಡುನಡುವೆ ಕೆಂಪು ಕಾಳು. ನನಗೆ ಒಳಗೊಳಗೇ ಖುಷಿಯಾಯಿತು.

"ಇದೇನ್ರಿ, ಹಕ್ಕಿಗೆ ಹಾಕೂ ಜೋಳ ಕೂಡಿಸಿದಂಗ ಐತಿ?" ಎಂದೆ.

ಅವಳು ನಕ್ಕಳು. "ವಾರದ್ದು ವಾರಕ್ಕ ಏನ ಸಿಗತೈತೋ ಅದ್ರಿ ಅಕ್ಕಾರ. ಸಿಕ್ಕದ್ದ ಬೀಸಿಸೂದು, ಬಡಿಯೂದು."

"ಮುಂದಿನ ವಾರ ಸಿಗಲಿಲ್ಲಂದ್ರ?"

"ಅದನ್ನ ಮುಂದಿನ ವಾರ ನೋಡೂಣ್ರಿ. ಇಲ್ಲೀತನಾ ಯಾವ ವಾರಾನೂ ತಪ್ಪಿಲ್ಲಲ್ರಿ."

ಹೀಗೆ ಹೇಳುವಾಗ ಅವಳ ಮುಖದಲ್ಲಿ ಭಕ್ತಿಯ ಪ್ರದರ್ಶನ ಏನಾದರೂ ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು, ಬೈದುಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಅವಳು ಸುಮ್ಮನೆ ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ್ದಳು. ಆ ದಿನ ನನಗೆ ಅವಳ ರೊಟ್ಟಿಗಿಂತ ಅವಳ ನಿದ್ದೆಯ ಮೇಲೆ ಹೆಚ್ಚು ಹೊಟ್ಟೆಕಿಚ್ಚಾಯಿತು. ಕೋಣೆ ತುಂಬ ಜೋಳ ಇಟ್ಟುಕೊಂಡವಳು ನಾನು. ಆದರೆ ಖಾನಾವಳಿಯವರು ನಾಳೆ ಉಳಿದರ್ಧವನ್ನೂ ಬೇಡ ಎಂದರೆ ಏನು ಗತಿ ಎಂದು ಹೊರಳಾಡುತ್ತಿದ್ದವಳೂ ನಾನೇ.

ಚಳಿ ಕಳೆದು ಹೊಸ ಜೋಳ ಕಣಕ್ಕೆ ಬರುವ ಹೊತ್ತಿಗೆ ನಮ್ಮಲ್ಲಿ ಸುಗ್ಗಿಯ ಆರಾಧನೆ ನಡೆಯುತ್ತದೆ. ಹೊಸ ಬೆಳೆಯನ್ನು ತಂದು ದೇವರ ಮುಂದೆ ಇಡುತ್ತೇವೆ, ಆಮೇಲೆ ಎಲ್ಲರಿಗೂ ಊಟ. ಆ ವರ್ಷ ಕಿತ್ತೂರು, ಸವದತ್ತಿ, ರಾಮದುರ್ಗದ ಸಭೆಗಳವರೂ ನಮ್ಮಲ್ಲಿಗೇ ಬರುತ್ತಾರೆ ಎಂದು ಸಭಾಪಾಲಕರು ತಿಳಿಸಿದರು. ಊಟದ ರೊಟ್ಟಿ ಬಹಳ ವರ್ಷಗಳಿಂದ ನನ್ನ ಪಾಲಿನ ಸೇವೆ. ಆದರೆ ಅವರು ನನ್ನ ಕಡೆ ನೋಡಿ, ಆಮೇಲೆ ಎರಡನೆಯ ಸಾಲಿನ ಕಡೆ ನೋಡಿದರು.

"ಈ ಸಲ ಮಂದಿ ಭಾಳ ಆಗತಾರ. ನೀವಿಬ್ರೂ ಕೂಡಿ ಮಾಡ್ರಿ," ಎಂದರು.

ಕೂಡಿ! ನಾನು ಎದ್ದು ನಿಂತೆ. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. "ರೊಟ್ಟಿ ಯಾರರ ಬಡೀಲಿ ಪಾಸ್ಟರ್, ಜೋಳ ಮಾತ್ರ ಎಲ್ಲಾ ನಮ್ಮ ಮನೀದ. ಸವದತ್ತಿ ಕಡೀದು, ಒಂದ ನಂಬರ್ ಜೋಳ. ಮತ್ತ್ಯಾರೂ ಏನೂ ತರೂದ ಬ್ಯಾಡ್ರಿ. ಇದು ದೇವರಿಗೆ ನನ್ನ ಕಾಣಿಕಿ," ಎಂದೆ. ಜನ ಚಪ್ಪಾಳೆ ತಟ್ಟಿದರು. ಅವಳ ಕಡೆ ನೋಡಿದೆ. ಅವಳೂ ತಟ್ಟುತ್ತಿದ್ದಳು, ಮನಸಾರೆ ತಟ್ಟುತ್ತಿದ್ದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಭಾನುವಾರ ಆರಾಧನೆ, ಶನಿವಾರ ರೊಟ್ಟಿ ಬಡಿಯುವುದು, ಶುಕ್ರವಾರ ಜೋಳ ಬೀಸಿಸುವುದು. ಹಿಟ್ಟು ಹಳತಾದಷ್ಟೂ ಜಿಗಿ ಸಾಯುತ್ತದೆ, ಅದಕ್ಕಾಗಿ ಬೇಗ ಬೀಸಿಸುವಂತಿಲ್ಲ. ಮುಂದಿನ ಸಾಲಿನ ಚೀಲಗಳು ವರ್ಷವಿಡೀ ಖಾನಾವಳಿಗೆ ಖರ್ಚಾಗಿದ್ದವು. ಗೋಡೆಯ ಕಡೆಯವನ್ನು ಹಬ್ಬಕ್ಕೆಂದೇ ಮುಟ್ಟದೆ ಇಟ್ಟಿದ್ದೆ. ಶುಕ್ರವಾರ ಬೆಳಿಗ್ಗೆ ಮೊದಲ ಚೀಲದ ಬಾಯಿ ಬಿಚ್ಚಿ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಜೋಳ ಬೆಚ್ಚಗಿರಬಾರದು. ಕೈ ಹೊರಗೆ ತೆಗೆದರೆ ಮುಂಗೈತನಕ ಬಿಳಿ ಹುಡಿ, ಆ ಹುಡಿಯಲ್ಲಿ ನುಸಿ ಹರಿದಾಡುತ್ತಿತ್ತು.

ಎರಡನೆಯದನ್ನು ಬಿಚ್ಚಿದೆ, ಮೂರನೆಯದನ್ನು ಬಿಚ್ಚಿದೆ. ಆಮೇಲಿನವನ್ನು ಬಿಚ್ಚುವುದು ಬೇಕಿರಲಿಲ್ಲ, ಹೊರಗಿನಿಂದಲೇ ಚೀಲದ ನೂಲಿನ ಸಂದಿಯಲ್ಲಿ ಹುಡಿ ಉದುರುತ್ತಿತ್ತು. ಆದರೂ ಒಂದೊಂದಾಗಿ ಎಲ್ಲವನ್ನೂ ಬಿಚ್ಚಿದೆ.

ಕೈಚೆಲ್ಲಿ ಕೂರಲಿಲ್ಲ. ಇದ್ದುದರಲ್ಲಿ ವಾಸಿ ಕಂಡ ಚೀಲವನ್ನು ಮೊರದಲ್ಲಿ ಕೇರಿದೆ, ನೀರಿಗೆ ಹಾಕಿ ತೇಲಿದ ಪೊಳ್ಳು ಕಾಳು ಬಸಿದೆ, ಈಗ ಯಾರು ನೋಡಿದರೂ ನೋಡಲಿ ಎಂದು ಮಾಳಿಗೆಯ ಮೇಲೆ ಒಣಗಿಸಿದೆ. ಗಿರಣಿಯವನು ಬೀಸಿದ ಹಿಟ್ಟನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, "ಅಕ್ಕಾರ, ಇದರಾಗ ಜೀವ ಇಲ್ರಿ," ಎಂದ. ಮನೆಗೆ ಬಂದು ನೀರು ಮರಳಿಸಿ ಪರಾತದಲ್ಲಿ ಹಿಟ್ಟು ನಾದಿದೆ. ಅಂಗೈಯ ಬುಡದಿಂದ ಒತ್ತಿದಾಗ ಹಿಟ್ಟು ಒಂದಾಗಬೇಕು. ಅದು ಮರಳಿನ ಹಾಗೆ ಬೇರೆ ಬೇರೆ ಹೋಗುತ್ತಿತ್ತು. ಬಡಿದರೆ ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಇನ್ನಷ್ಟು ಕುದಿನೀರು ಹಾಕಿದೆ, ಕೈಗೆ ಮೆತ್ತಿತೇ ಹೊರತು ರೊಟ್ಟಿಯಾಗಲಿಲ್ಲ. ಉದ್ದಿನ ಹಿಟ್ಟು ಬೆರೆಸಿದೆ. ಈಗ ಹಿಡಿದುಕೊಂಡಿತು, ಹಂಚಿಗೂ ಬಿತ್ತು, ಬೆಂದಿತು. ಗಂಡನಿಗೆ ಒಂದು ಚೂರು ಕೊಟ್ಟೆ. ಅವರು ಅಗಿದು ಅಗಿದು ಕಷ್ಟಪಟ್ಟು ನುಂಗಿದರು.

"ಕಹಿ ಐತಿ," ಎಂದರು. ಆಮೇಲೆ ಮೆಲ್ಲಗೆ, "ಸವದತ್ತಿಗೆ ಹೋಗಿ ಯಾರ ಕಡಿಂದರ ಉದ್ರಿ ಹೊಸ ಜೋಳ ತರತೇನಿ. ಕಾಲು ಹಿಡದರ ಕೊಡತಾರ. ನಮ್ಮ ಮನೀದ ಅಂತ ಹೇಳಿದ್ರಾತು, ಯಾರಿಗೂ ಗೊತ್ತಾಗೂದಿಲ್ಲ," ಎಂದರು.

ಹೂಂ ಎನ್ನಲು ನನ್ನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದಳು. ತಲೆಯ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ಮಣ್ಣಿನ ಹಂಚು. ನಾಳೆ ಒಲೆ ಎಲ್ಲಿ ಹೂಡುವುದೆಂದು ಕೇಳಲು ಬಂದವಳು, ಒಳಗೆ ನೆಲದ ಮೇಲೆ ಸಾಲಾಗಿ ಬಿದ್ದಿದ್ದ ಹರಿದ ರೊಟ್ಟಿಗಳನ್ನು ನೋಡಿದಳು. ನಾನು ಸೆರಗಿನಿಂದ ಮುಚ್ಚಲು ಹೋದೆ. ಎಷ್ಟಂತ ಮುಚ್ಚುವುದು?

ಅವಳು ಹಂಚು ಇಳಿಸಿ, ಒಂದು ಚಿಟಿಕೆ ಹಿಟ್ಟು ನಾಲಿಗೆಯ ಮೇಲೆ ಇಟ್ಟುಕೊಂಡಳು.

"ನುಸಿ ತಿಂದೈತ್ರಿ."

"ಹೌದು."

"ಬಿಸಲಿಗೆ ಹಾಕಿರಲಿಲ್ಲೇನ್ರಿ ಅಕ್ಕಾರ?"

"ಹಾಕಿದ್ರ ನಿನಗ ಕಾಣತಿತ್ತು," ಎಂದೆ. ಅಲ್ಲಿಯವರೆಗೆ ಅವಳಿಗೆ ನೀವು ಎನ್ನುತ್ತಿದ್ದೆ, ದೂರ ಇಡಲು. ಆ ಹೊತ್ತಿಗೆ ಅದೂ ಮರೆತುಹೋಯಿತು.

ಅವಳು ಬೆರಳಿಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ನನಗ ಗೊತ್ತಿತ್ತ್ರಿ. ಎಲ್ಲಾ ಅವರ ಒಯ್ದ್ರು ಅಂತ ಅಂಗಡ್ಯಾವ್ರ ಹೇಳಿದ್ರು. ಭಾಳ ಸಿಟ್ಟ ಬಂದಿತ್ತ್ರಿ ನಿಮ್ಮ ಮ್ಯಾಲ. ನಮ್ಮ ಮನ್ಯಾಗ ಸಂಜೀ ಪ್ರಾರ್ಥನಾಕ್ಕ ಸಭೆಯವ್ರ ಹೆಸರ ಎಲ್ಲಾ ಹೇಳತೇವಲ್ರಿ, ಎಷ್ಟೋ ದಿನ ನಿಮ್ಮದೊಂದ ಬಿಟ್ಟ ಹೇಳತಿದ್ದೆ. ನಮ್ಮವ್ರು ಕೇಳಿದ್ರ ಮರೆತೆ ಅಂತಿದ್ದೆ."

ನನ್ನ ಗಂಡ ಆ ಕಡೆ ಮುಖ ತಿರುಗಿಸಿ ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ನಾಳೆ ಏನು ಮಾಡಲಿ ಎಂದು ಅವಳನ್ನೇ ಕೇಳಿದೆ. ಲೋಕದಲ್ಲಿ ಬೇರೆ ಯಾರೂ ಇಲ್ಲದ ಹಾಗೆ ಅವಳನ್ನೇ.

"ಚರ್ಚಿನ ಪೀಪಾಯಿ ತುಂಬೇತ್ರಿ. ಮಳಿಗಾಲದಿಂದ ಯಾರೂ ತಗೊಂಡಿಲ್ಲ."

"ನಿನಗ ಹೆಂಗ ಗೊತ್ತ?"

"ಕಡೀಗೆ ತಗೊಂಡಾಕಿ ನಾನ್ರಿ. ನಮ್ಮವ್ರಿಗೆ ಜಿನ್ನಿನ್ಯಾಗ ಕೆಲಸ ನಿಂತಿತ್ತು. ಗಿರಣ್ಯಾಗ ನೀವ ಹಕ್ಕಿ ಜೋಳ ಅಂದ್ರಲ್ರಿ, ಅದ ಅದು. ಅರ್ಧಾ ಉಂಡ್ವಿ, ಅರ್ಧಾ ಬಡಿದ ಖಾನಾವಳಿಗೆ ಕೊಟ್ನಿ. ಈಗ ದಿನಕ್ಕ ಎರಡ ಹಿಡಿ ತಗದ ಇಡತೇನ್ರಿ."

ನಾನು ಎತ್ತರದಿಂದ ಸದ್ದು ಮಾಡಿ ಸುರಿದ ಜೋಳವೂ ಅದರಲ್ಲಿ ಇತ್ತು. ಗಿರಣಿಯಲ್ಲಿ ನಾನು ಇಣುಕಿ ನೋಡಿ ಖುಷಿಪಟ್ಟದ್ದು ನನ್ನದೇ ಹಿಡಿಯನ್ನು.

ಗಂಡ ಟಂಟಂನ ಕೀಲಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಸವದತ್ತಿಯ ದಾರಿ ಸುಲಭದ್ದು, ಮುಖ ಉಳಿಯುತ್ತಿತ್ತು. ಪೀಪಾಯಿಯ ಮುಚ್ಚಳ ತೆಗೆಯುವವರು ಇಲ್ಲದವರು. ಊರೆಲ್ಲರ ಕೈಲಿ ಚಪ್ಪಾಳೆ ತಟ್ಟಿಸಿಕೊಂಡವಳು ನಾನು. ಕೊನೆಗೆ ಒಂದೇ ಮಾತು ಹೊಳೆಯಿತು: ದೇವರಿಗೆ ಕೊಡುತ್ತೇನೆ ಎಂದು ಹೇಳಿ ಉದ್ರಿ ತಂದ ಸುಳ್ಳನ್ನು ಅವನ ಮುಂದೆ ಇಡುವುದು ಹೇಗೆ? ಕೀಲಿಯನ್ನು ಗೂಟಕ್ಕೆ ಹಾಕಲು ಹೇಳಿ, ಖಾಲಿ ಚೀಲಗಳನ್ನು ಕೊಡವಿಕೊಂಡು ಅವಳ ಜೊತೆ ಹೊರಟೆ.

ಸಭಾಪಾಲಕರು ಚರ್ಚಿನ ಅಂಗಳದಲ್ಲಿ ಶಾಮಿಯಾನದವರ ಜೊತೆ ಮಾತಾಡುತ್ತಿದ್ದರು. "ಪಾಸ್ಟರ್, ನನ್ನ ಜೋಳ ಎಲ್ಲಾ ಹಾಳಾಗೇತ್ರಿ. ಪೀಪಾಯಿ ತಗೀತೇನಿ," ಎಂದೆ, ಶಾಮಿಯಾನದವರಿಗೂ ಕೇಳುವ ಹಾಗೆ. ಅವರು ನನ್ನ ಮುಖ ನೋಡಿದರು. ಯಾಕೆ ಎಂದು ಕೇಳುವ ರೂಢಿ ಇಲ್ಲವಲ್ಲ.

"ಚೀಲದ ಬಾಯಿ ಹಿಡೀಲೇನ್ರಿ ಅಕ್ಕಾರ?" ಎಂದು ಬಂದು ಹಿಡಿದು ನಿಂತರು.

ಪೀಪಾಯಿಯ ಜೋಳ ತಣ್ಣಗಿತ್ತು. ಹೆಂಗಸರು ಆಗಾಗ ಅದನ್ನು ಅಂಗಳದಲ್ಲಿ ಹರವಿ ಒಣ ಹಾಕುತ್ತಿದ್ದರು, ತಳದವರೆಗೂ ಬೇವಿನೆಲೆ ಇತ್ತು. ಆದರೆ ನಾಲ್ಕೂರಿನ ಜನಕ್ಕೆ ಸಾಲುವಂತೆ ಕಾಣಲಿಲ್ಲ. ಅವಳು ತನ್ನ ಮನೆಯ ವಾರದ ಜೋಳವನ್ನೂ ತಂದು ಸುರಿದಳು. ಆಗಲೂ ಅನುಮಾನವೇ.

"ಸಾಲೂದಿಲ್ಲ," ಎಂದೆ.

"ತೆಳ್ಳಗ ಬಡಿದ್ರ ಸಾಲತೈತ್ರಿ. ನಿಮ್ಮಷ್ಟ ಚುರುಕ ನನ್ನ ಕೈ ಓಡೂದಿಲ್ಲ. ನೀವು ಬಡೀರಿ, ನಾ ಬೇಸತೇನಿ."

ರೊಟ್ಟಿಯವರು ಹೀಗೆ ಮಾಡುವುದಿಲ್ಲ. ಬಡಿದವಳೇ ಬೇಯಿಸುತ್ತಾಳೆ, ಇನ್ನೊಬ್ಬಳ ಹಂಚಿಗೆ ತನ್ನ ರೊಟ್ಟಿ ಹಾಕುವುದು ಯಾರಿಗೂ ಇಷ್ಟವಿಲ್ಲ. ಆದರೆ ನನ್ನ ಕಬ್ಬಿಣದ ಹಂಚಿನ ಮೇಲೆ ಅಷ್ಟು ತೆಳುವಾದದ್ದು ಸುಟ್ಟೇ ಹೋಗುತ್ತಿತ್ತು. ಅವಳ ಮಣ್ಣಿನ ಹಂಚು ನಿಧಾನ ಕಾಯುತ್ತದೆ, ಕಾದ ಮೇಲೆ ಕಾವು ಬಿಡುವುದಿಲ್ಲ.

ಗಿರಣಿಯವನಿಂದ ರಾತ್ರಿಯೇ ಬೀಸಿಸಿಕೊಂಡು, ಶನಿವಾರ ಬೆಳಕು ಹರಿಯುವ ಮೊದಲೇ ಚರ್ಚಿನ ಹಿಂದೆ ಒಲೆ ಹೂಡಿದೆವು. ಎಲ್ಲರ ಮನೆಯ ಜೋಳದ ಹಿಟ್ಟು ಕುದಿನೀರು ಕುಡಿದು ಹೇಗೆ ನಡೆದುಕೊಳ್ಳುತ್ತದೋ ಎಂದು ಹೆದರಿಕೆ ಇತ್ತು. ಮೊದಲ ಉಂಡೆ ಕಲ್ಲಿನ ಮೇಲೆ ಇಟ್ಟು ಬಡಿದೆ. ಹರಿಯಿತು. ಇನ್ನೂ ನಾದಬೇಕಿತ್ತು. ಬಿಳಿಜೋಳ ಬೇಗ ಒಂದಾಗುತ್ತದೆ, ಹಳದಿಯದಕ್ಕೆ ಹೊತ್ತು ಬೇಕು, ಅದು ಮೆತ್ತಗಾಗುವ ತನಕ ಇದು ಕಾಯಬೇಕು. ಒತ್ತಿ ಒತ್ತಿ ನಾದಿದ ಮೇಲೆ ಹಿಟ್ಟು ಕೈಬಿಟ್ಟು ಬಂತು, ಜಿಗಿ ಹುಟ್ಟಿತು. ಆಮೇಲೆ ನನ್ನ ಕೈ ಓಡಿತು. ಬಡಿದದ್ದನ್ನು ಎರಡೂ ಅಂಗೈ ಮೇಲೆ ಎತ್ತಿ ಅವಳ ಕಡೆ ಚಾಚುತ್ತಿದ್ದೆ, ಅವಳು ಕೆಳಗಿನಿಂದ ಕೈಕೊಟ್ಟು ಹಂಚಿಗೆ ಇಳಿಸುತ್ತಿದ್ದಳು. ನೀರಿನ ಬಟ್ಟೆಯನ್ನು ಒಂದೇ ಸಲ ಸವರುತ್ತಿದ್ದಳು, ಎಳೆಯುತ್ತಿರಲಿಲ್ಲ. ತಿರುವಿದ ಮೇಲೆ ಬಟ್ಟೆಯಿಂದ ಅಂಚನ್ನು ಒತ್ತುತ್ತ ಸುತ್ತ ಬರುತ್ತಿದ್ದಳು. ಆಮೇಲೆ ಒಲೆಯ ಬದಿಗೆ ಒರಗಿಸಿ ಕಡಕ್ಕಾಗಲು ಬಿಡುತ್ತಿದ್ದಳು. ನಾನು ಓರೆಗಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದೆ, ತಪ್ಪು ಹುಡುಕುತ್ತಿದ್ದೆ. ಪೀಪಾಯಿಯ ಮುಂದೆ ತಲೆ ತಗ್ಗಿಸಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಧ್ಯಾಹ್ನದ ಮೇಲೆ ನನ್ನ ಮಣಿಕಟ್ಟು ಸೋತಿತು. ಕೈ ಬದಲಿಸಿದೆವು, ಅವಳು ಬಡಿದಳು, ನಾನು ಬೇಯಿಸಿದೆ. ಹೊತ್ತು ಮುಳುಗುವಾಗ ಹಿಟ್ಟು ತೀರಿತು. ಎಲ್ಲ ರೊಟ್ಟಿಯನ್ನೂ ಒಂದೇ ಕಡೆ ಒಟ್ಟಿ ಬಿಳಿ ಬಟ್ಟೆ ಹೊದಿಸಿದೆವು.

ಭಾನುವಾರ ಆರಾಧನೆ ಮುಗಿದು ಪಂಕ್ತಿ ಕೂತಿತು. ನಾನು ರೊಟ್ಟಿಯ ಬುಟ್ಟಿ ಹಿಡಿದು ಸಾಲಿನ ನಡುವೆ ನಡೆಯುತ್ತಿದ್ದೆ. ಬಡಿಸುವ ನೆಪ ಅಷ್ಟೇ, ಯಾರ ತಾಟಿನಲ್ಲಿ ಯಾವುದು ಬಿದ್ದಿದೆ, ಯಾವುದನ್ನು ಬಿಟ್ಟರು ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಗುರುತು ಹತ್ತಲಿಲ್ಲ. ನನ್ನ ರೂಢಿಯ ಹಿಟ್ಟಲ್ಲ, ನನ್ನ ಹಂಚಲ್ಲ, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು; ಅವಳು ಅಂಚು ಒತ್ತಿ ಬೇಯಿಸಿದ್ದರಿಂದ ನನ್ನ ತಗ್ಗು ಕೂಡ ನಿಂತಲ್ಲಿಂದ ಕಾಣುತ್ತಿರಲಿಲ್ಲ. ಕಿತ್ತೂರಿನಿಂದ ಬಂದ ಒಬ್ಬ ವಯಸ್ಸಾದ ತಾಯಿ ಒಂದು ರೊಟ್ಟಿಯನ್ನು ಬಿಸಿಲಿಗೆ ಎತ್ತಿ ಹಿಡಿದು, "ಯವ್ವಾ, ಇದ ಯಾರ ಕೈಯಾಂದು? ಬೆಳಕ ಹಾಯಾಕತ್ತೈತಿ ನೋಡ. ನಮ್ಮ ಕಡೆ ಹಿಂಗ ಯಾರೂ ಬಡಿಯೂದಿಲ್ಲ," ಎಂದಳು.

ನೋಡಿದೆ. ಅಂಥ ರೊಟ್ಟಿಯನ್ನು ನಾನು ಕಂಡಿರಲಿಲ್ಲ. ನಡುವೆ, ಅಂಚಿಗೆ, ಎಲ್ಲ ಕಡೆ ಒಂದೇ. ಖಾನಾವಳಿಯ ಕಟ್ಟೆಯ ಮೇಲೆ ಅಂದು ಕಂಡದ್ದಕ್ಕಿಂತಲೂ ಚೆಂದ. ಅವಳದೇ, ಮಧ್ಯಾಹ್ನ ಅವಳು ಬಡಿದದ್ದೇ. ಹೊಟ್ಟೆಯಲ್ಲಿ ಅದೇ ಹಳೆಯ ಬೆಂಕಿ ಬಿತ್ತು, ಚರ್ಚಿನ ಅಂಗಳದಲ್ಲಿ, ಸುಗ್ಗಿಯ ದಿನ, ಕೈಯಲ್ಲಿ ರೊಟ್ಟಿಯ ಬುಟ್ಟಿ ಇರುವಾಗಲೇ. ಸುಳ್ಳು ಹೇಳುವ ತ್ರಾಣ ಇರಲಿಲ್ಲ. "ಅಗೋ, ಆ ಒಲಿ ಹತ್ರ ನಿಂತಾಳಲ್ರಿ, ಆಕಿದು," ಎಂದೆ.

ಆ ತಾಯಿ ರೊಟ್ಟಿಯನ್ನು ತಿರುಗಿಸಿ ನೋಡುತ್ತಿದ್ದಳು. "ಇಲ್ಲೊಂದ ತಗ್ಗ ಐತಿ ನೋಡ ಅಂಚಿಗೆ. ಸಣ್ಣ ಕೂಸು ಬೆರಳ ಒತ್ತಿದಂಗ," ಎಂದು ತನ್ನ ಬೆರಳ ತುದಿಯನ್ನು ಅದರಲ್ಲಿ ಇಟ್ಟಳು.

ಒಲೆಯ ಹತ್ತಿರ ನಿಂತವಳಿಗೆ ಅದು ಕೇಳಿಸಿತು. "ಅದ ನಂದಲ್ರಿ ಅಮ್ಮಾ!" ಎಂದು ಪಂಕ್ತಿ ದಾಟಿ ಕೂಗಿದಳು, ನಗುತ್ತ. "ಅಕ್ಕಾರದ್ರಿ ಅದು! ಅವರ ಕಿರಿಬೆರಳ ನೋಡ್ರಿ!"

ಪಂಕ್ತಿಯಲ್ಲಿ ಕೂತವರೆಲ್ಲ ನನ್ನ ಕೈ ನೋಡಿದರು. ನಾನೂ ನೋಡಿದೆ. ನನ್ನ ಬೆರಳು, ಅವಳ ಕಾವು, ಊರಿನವರ ಕಾಳು. ಹೊತ್ತಿಕೊಂಡ ಬೆಂಕಿಗೆ ಇನ್ನು ಬೀಳಲು ಜಾಗವೇ ಇರಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಅಲ್ಲೇ ಆ ತಾಯಿಯ ಪಕ್ಕ ಕೂತುಬಿಟ್ಟೆ. ತಾಯಿ ಆ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗೆ ಕೊಟ್ಟಳು. ರೊಟ್ಟಿ ಕೊನೆಯ ಪಂಕ್ತಿಗೂ ಸಾಲಿತು, ಬುಟ್ಟಿಯ ತಳದಲ್ಲಿ ನಾಲ್ಕು ಚೂರು ಉಳಿಯಿತು.

ನುಸಿ ಹಿಡಿದ ಜೋಳ ಕೋಳಿ ಸಾಕುವವರ ಪಾಲಾಯಿತು. ಖಾನಾವಳಿಯಲ್ಲಿ ಈಗಲೂ ಅರ್ಧ ನನ್ನದು, ಅರ್ಧ ಅವಳದು. ಕಟ್ಟೆಯ ಮೇಲೆ ಅವಳ ಬುಟ್ಟಿ ಕಂಡಾಗ ಈಗಲೂ ಬಟ್ಟೆ ಎತ್ತಿ ನೋಡುತ್ತೇನೆ, ಈಗಲೂ ಒಳಗೆ ಚುರ್ ಎನ್ನುತ್ತದೆ.

ಆದರೆ ಹಬ್ಬದ ಮುಂದಿನ ವಾರ ನಮ್ಮ ಮನೆಯಲ್ಲಿ ನಿಜಕ್ಕೂ ಬೀಸಿಸಲು ಜೋಳ ಇರಲಿಲ್ಲ. ಸುಗ್ಗಿಯ ದಿನ ಸಂಗೊಳ್ಳಿಯ ಕಡೆಯವರೊಬ್ಬರು ಹೊಸ ಜೋಳ ತಂದು ಪೀಪಾಯಿಗೆ ಹಾಕಿದ್ದರು, ಎಲ್ಲರ ಹಿಡಿಯೂ ಬಿದ್ದಿತ್ತು. ಶನಿವಾರ ಸಣ್ಣ ಚೀಲ ಹಿಡಿದು ಹೋಗಿ, ಮುಚ್ಚಳ ತೆಗೆದು, ಒಂದು ವಾರಕ್ಕೆ ಆಗುವಷ್ಟು ತುಂಬಿಕೊಂಡು ಬಂದೆ. ಮನೆಯಲ್ಲಿ ಮೊರದ ಮೇಲೆ ಹರವಿಕೊಂಡು ಕೂತೆ. ಬಿಳಿ, ಹಳದಿ, ನಡುನಡುವೆ ಕೆಂಪು. ಯಾವುದು ಯಾರ ಮನೆಯದು, ಅವಳದು ಯಾವುದು ಎಂದು ಬೆರಳಾಡಿಸಿ ಹುಡುಕಿದೆ. ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ. ಅದರಲ್ಲೇ ಒಂದು ಹಿಡಿ ತೆಗೆದು ಭಾನುವಾರಕ್ಕೆಂದು ಬದಿಗಿಟ್ಟು, ಉಳಿದದ್ದನ್ನು ಗಿರಣಿಗೆ ಒಯ್ದೆ.